ಯಾರ ತಲೆಯ ಕೂದಲು

ಯಲ್ಲಾಪುರ
12 ಜನವರಿ 2024

ಚಿ. ಸೌ. ಮೋಹಿನಿಗೆ, ನಿನ್ನ ಭಾನುಮತಿ ಅಕ್ಕೋರು ಮಾಡುವ ಆಶೀರ್ವಾದ.

ನಾನು ಯಾರೆಂದು ನೆನಪು ಮಾಡಿಕೊಡಬೇಕಾಗಿಲ್ಲ ಎಂದುಕೊಂಡಿದ್ದೇನೆ. ನೀನು ಇಲ್ಲಿಯ ಹುಡುಗಿಯರ ಹಾಸ್ಟೆಲಿನಲ್ಲಿ ಐದನೆಯ ಇಯತ್ತೆಯಿಂದ ಹತ್ತನೆಯವರೆಗೆ ಇದ್ದಾಗ ವಾರ್ಡನ್ ಆಗಿದ್ದವಳು, ಬೆಳಗಿನ ಐದಕ್ಕೆ ನಿಮ್ಮೆಲ್ಲರ ಚಾದರ ಎಳೆಯುತ್ತಿದ್ದವಳು. ನಿನ್ನ ಹಾಸಿಗೆ ಕಿಟಕಿಯಿಂದ ಮೂರನೆಯದು. ಪಕ್ಕದ್ದು ನಿನ್ನ ಚಿಕ್ಕಪ್ಪನ ಮಗಳು ಸರೋಜಳದ್ದು. ಎರಡು ಹಾಸಿಗೆ ಕೊಟ್ಟರೂ ಒಂದರಲ್ಲೇ ಮಲಗುತ್ತಿದ್ದಿರಿ, ಬೈದರೂ ಕೇಳುತ್ತಿರಲಿಲ್ಲ.

ಹೋದ ಭಾನುವಾರದ ಪುರವಣಿಯಲ್ಲಿ ನಿನ್ನ ಫೋಟೊ ನೋಡಿದೆ. ‘ಮಲೇಷ್ಯಾದಲ್ಲಿ ಗುಂಗುರು ಕೂದಲಿನ ಆರೈಕೆಗೆಂದೇ ಕಂಪನಿ ಕಟ್ಟಿದ ಮೊದಲ ಕಪ್ಪು ಮಹಿಳೆ, ನಮ್ಮ ಸಿದ್ದಿ ಹುಡುಗಿ’ ಎಂದು ದೊಡ್ಡಕ್ಷರದಲ್ಲಿ ಹಾಕಿದ್ದಾರೆ. ಕಂಪನಿಯ ಹೆಸರೂ ‘ಗುಂಗುರು’ ಅಂತೆ. ನನಗೆ ಎಷ್ಟು ಹಿಗ್ಗಾಯಿತೆಂದರೆ ಪಕ್ಕದ ಮನೆಯವರನ್ನು ಕರೆದು ಓದಿಸಿದೆ. ಆಮೇಲೆ ಕೆಳಗಿನ ಭಾಗ ಓದಿದೆ.

ನಿನಗೆ ಹತ್ತು ವರ್ಷವಾಗಿದ್ದಾಗ ಹೇನಾಗಿದೆಯೆಂದು ವಾರ್ಡನ್ ಕ್ಷೌರದವನನ್ನು ಕರೆಸಿ, ಎಲ್ಲ ಹುಡುಗಿಯರ ಎದುರು ನಿನ್ನ ತಲೆ ಬೋಳಿಸಿದರು, ನೀನು ಅತ್ತೆ, ಆ ಕಣ್ಣೀರಿನಿಂದಲೇ ಈ ಕಂಪನಿ ಹುಟ್ಟಿತು ಎಂದು ಬರೆದಿದ್ದಾರೆ. ವಾರ್ಡನ್ ನಾನೇ. ಕ್ಷೌರದವನನ್ನು ಕರೆಸಿದ್ದೂ ಹೌದು, ತಪ್ಪು ನನ್ನದೇ. ನನ್ನ ಕೂದಲು ನೇರ. ಮೇಲಿನಿಂದ ಕೆಳಕ್ಕೆ ಬಾಚುವುದು ಬಿಟ್ಟರೆ ಬೇರೆ ಬಗೆ ನನಗೆ ಗೊತ್ತಿರಲಿಲ್ಲ. ಭಾನುವಾರ ಜಗಲಿಯ ಮೇಲೆ ಸಾಲಾಗಿ ಕೂರಿಸಿ ಬಾಚುವಾಗ ನಿಮ್ಮ ತಲೆಯಲ್ಲಿ ಬಾಚಣಿಗೆಯ ಹಲ್ಲು ಮುರಿದರೆ ಅದು ನಿಮ್ಮ ಸೋಮಾರಿತನವೆಂದೇ ತಿಳಿಯುತ್ತಿದ್ದೆ.

ಆದರೆ ಮೋಹಿನಿ, ಅದು ನಿನ್ನ ತಲೆಯಾಗಿತ್ತೆ? ನನಗೆ ನೆನಪಿರುವುದು ಸರೋಜ. ಶ್ರಾವಣದ ಒಂದು ಬೆಳಗ್ಗೆ, ಅಂಗಳದಲ್ಲಿ ಹಲಸಿನ ಮರದ ಕೆಳಗೆ. ಅವಳು ಅಳಲಿಲ್ಲ. ಎಲ್ಲ ಮುಗಿದ ಮೇಲೆ ತಾನೇ ಹಿಡಿಸೂಡಿ ತಂದು ಕೂದಲನ್ನೆಲ್ಲ ಗುಡಿಸಿ ಒಟ್ಟು ಮಾಡಿದಳು. ಆ ಗುಡಿಸುವ ಸದ್ದು ಈಗಲೂ ನನಗೆ ಕೇಳುತ್ತದೆ, ಬೇರೇನೂ ಕೇಳದ ಈ ಕಿವಿಗೆ.

ಇದನ್ನು ಕೇಳುವುದಕ್ಕೆ ಇನ್ನೊಂದು ಕಾರಣವಿದೆ. ಬರುವ ಡಿಸೆಂಬರಿಗೆ ಹಾಸ್ಟೆಲಿಗೆ ಐವತ್ತು ವರ್ಷ. ಸ್ಮರಣ ಸಂಚಿಕೆಗೆ ಇತಿಹಾಸ ಬರೆದುಕೊಡಿ ಎಂದಿದ್ದಾರೆ. ಹಳೆಯ ರಿಜಿಸ್ಟರುಗಳನ್ನು ಗೆದ್ದಲು ತಿಂದಿವೆ. ಉಳಿದಿರುವ ರಿಜಿಸ್ಟರು ನಾನೊಬ್ಬಳೇ. ಯಾವ ಹುಡುಗಿ ಯಾವ ಊರಿನವಳು, ಯಾವ ಹಾಸಿಗೆ, ಯಾರಿಗೆ ಯಾವ ಊಟ ಸೇರುತ್ತಿರಲಿಲ್ಲ ಎಲ್ಲ ನನ್ನ ತಲೆಯಲ್ಲಿದೆ. ಈ ತಪ್ಪನ್ನೂ ಅದರಲ್ಲಿ ಬರೆಯಬೇಕೆಂದಿದ್ದೇನೆ. ಸರಿಯಾದ ಹೆಸರಿಟ್ಟು ಬರೆಯಬೇಕು.

ಫೋನ್ ಮಾಡಬೇಡ, ಕೇಳುವುದಿಲ್ಲ. ಕೈಬರಹದಲ್ಲಿ ಬರೆ.

ಭಾನುಮತಿ


ಕ್ಲಾಂಗ್
20 ಫೆಬ್ರವರಿ 2024

ಪೂಜ್ಯ ಅಕ್ಕೋರಿಗೆ ಮೋಹಿನಿ ಮಾಡುವ ನಮಸ್ಕಾರಗಳು.

ನಿಮ್ಮ ಅಕ್ಷರ ನೋಡಿದ ಕೂಡಲೇ ಆಫೀಸಿನ ಕುರ್ಚಿಯಿಂದ ಎದ್ದು ನಿಂತೆ. ನನ್ನ ಕೈಕೆಳಗೆ ಮೂವತ್ತು ಜನ ಕೆಲಸ ಮಾಡುತ್ತಾರೆ, ಅವರೆಲ್ಲ ನಕ್ಕರು.

ನನ್ನ ಸುದ್ದಿ ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಬ್ಯೂಟಿಷಿಯನ್ ಕೋರ್ಸ್ ಮಾಡಿ ಬೆಂಗಳೂರಿನ ಪಾರ್ಲರಿನಲ್ಲಿ ಆರು ವರ್ಷ ದುಡಿದೆ. ಅಲ್ಲಿ ಓದಲು ಬಂದಿದ್ದ ಕ್ಲಾಂಗಿನ ತಮಿಳು ಹುಡುಗ ದೇವದಾಸನನ್ನು ಮದುವೆಯಾಗಿ ಇಲ್ಲಿಗೆ ಬಂದೆ. ಅವರಿಗೆ ಬಂದರಿನಲ್ಲಿ ಸರಕು ಸಾಗಣೆಯ ಕೆಲಸ. ಮಗಳು ಅನನ್ಯಳಿಗೆ ಹದಿಮೂರು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಇಲ್ಲಿ ಮೊದಲು ಯಾವ ಸಲೂನಿಗೆ ಹೋದರೂ ನನ್ನ ತಲೆ ನೋಡಿ, "ಸಾರಿ ಲಾ, ನಿಮ್ಮ ಕೂದಲು ನಮಗೆ ಬರಲ್ಲ" ಎನ್ನುತ್ತಿದ್ದರು (ಮಾತಿನ ಕೊನೆಗೆ ‘ಲಾ’ ಸೇರಿಸುವುದು ಇಲ್ಲಿಯವರ ರೂಢಿ). ಸೈಬರ್‌ಜಯಾದ ಕಾಲೇಜುಗಳಿಗೆ ಬಂದ ನೈಜೀರಿಯಾ, ಸುಡಾನಿನ ಹುಡುಗಿಯರಿಗೂ ಅದೇ ಮಾತು. ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಅವರನ್ನು ಕೂರಿಸಿ ಜಡೆ ಹಾಕಲು ಶುರುಮಾಡಿದೆ. "ಸಿಸ್ಟರ್, ಯಾವ ದೇಶ?" ಎಂದು ಕೇಳುವರು. ಕರ್ನಾಟಕ ಎಂದರೆ ಅದು ಆಫ್ರಿಕಾದ ಯಾವ ಮೂಲೆ ಎಂದು ಫೋನಿನಲ್ಲಿ ಹುಡುಕುವರು. ನಮ್ಮ ಸಿದ್ದಿ ಜನರ ಹಿರಿಯರು ಎಲ್ಲಿಂದ ಬಂದರು ಎಂದು ಭೂಪಟ ಬಿಡಿಸಿ ತೋರಿಸಿದವರೇ ನೀವು. ಅದನ್ನೇ ಅವರಿಗೆ ಹೇಳುತ್ತಿದ್ದೆ. ಎಣ್ಣೆ, ಕೆನೆ, ಶಾಂಪೂ ಎಲ್ಲ ಅಲ್ಲಿಂದ ಬೆಳೆದದ್ದು.

ಅಕ್ಕೋರೆ, ನಮ್ಮ ಕೂದಲಿಗೆ ಒಣಗಿರುವಾಗ ಬಾಚಣಿಗೆ ಹಾಕಲೇಬಾರದು. ನೀರು ಚಿಮುಕಿಸಿ, ಕೊಬ್ಬರಿ ಎಣ್ಣೆ ಅಂಗೈಯಲ್ಲಿ ಉಜ್ಜಿ ಹಚ್ಚಿ, ತುದಿಯಿಂದ ಶುರುಮಾಡಿ ಬೆರಳಿನಲ್ಲೇ ಗಂಟು ಬಿಡಿಸುತ್ತ ಬುಡಕ್ಕೆ ಹೋಗಬೇಕು. ಅಗಲ ಹಲ್ಲಿನ ಬಾಚಣಿಗೆ ಕೊನೆಗೆ. ಈಗಿನ ಹುಡುಗಿಯರಿಗಾದರೂ ಯಾರಾದರೂ ಹೇಳಿಕೊಡಲಿ.

ಆ ಕತ್ತರಿಯ ವಿಷಯ ಬಿಡಿ. ಪತ್ರಿಕೆಯವರು ಬಣ್ಣ ಹಚ್ಚಿ ಬರೆಯುತ್ತಾರೆ. ನಿಮ್ಮ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಆ ಕಾಲವೇ ಹಾಗಿತ್ತು. ನೀವು ಅದನ್ನೆಲ್ಲ ಸಂಚಿಕೆಯಲ್ಲಿ ಬರೆದು ಮನಸ್ಸು ಕೆಡಿಸಿಕೊಳ್ಳಬೇಡಿ.

ನಿಮ್ಮ
ಮೋಹಿನಿ


ಯಲ್ಲಾಪುರ
18 ಮಾರ್ಚ್ 2024

ಚಿ. ಮೋಹಿನಿ,

ಪತ್ರ ಚೆನ್ನಾಗಿದೆ. ಆದರೆ ಕೇಳಿದ್ದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದಿದ್ದೀಯೆ. ಪರೀಕ್ಷೆಯಲ್ಲೂ ಹಾಗೇ ಮಾಡುತ್ತಿದ್ದೆ. ಸಿಟ್ಟಿದೆಯೋ ಇಲ್ಲವೋ ಎಂದು ನಾನು ಕೇಳಿರಲಿಲ್ಲ. ಅದು ನಿನ್ನ ತಲೆಯೋ ಸರೋಜಳ ತಲೆಯೋ ಎಂದು ಕೇಳಿದ್ದೆ.

ನೀನು ಬರೆದ ಬಗೆಯಲ್ಲಿ ಮಾಡಿ ನೋಡಿದೆ. ಭಾನುವಾರ ಹಾಸ್ಟೆಲಿಗೆ ಹೋಗಿ ನಿಮ್ಮ ಕಡೆಯ ಒಂದು ಪುಟ್ಟ ಹುಡುಗಿಯನ್ನು ಕೂರಿಸಿಕೊಂಡೆ. ನೀರು, ಎಣ್ಣೆ, ತುದಿಯಿಂದ ಬುಡಕ್ಕೆ. ಒಂದು ತಾಸು ಹಿಡಿಯಿತು. ಹುಡುಗಿ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ನನ್ನ ಕೈಯಲ್ಲಿ ತಲೆ ಕೊಟ್ಟು ನಿಮ್ಮಲ್ಲಿ ಯಾರೂ ಹಾಗೆ ನಿದ್ದೆ ಮಾಡಿದ್ದಿಲ್ಲ. ಮೂವತ್ತು ವರ್ಷ ನಾನು ಬಾಚಿದ್ದೋ, ಕಿತ್ತದ್ದೋ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಅನ್ನಿಸಿತು.

ಸರೋಜ ಈಗ ಅದೇ ಹಾಸ್ಟೆಲಿನ ಅಡುಗೆಯವಳು. ಹನ್ನೊಂದು ವರ್ಷವಾಯಿತು. ನಿನಗೆ ಗೊತ್ತಿರಬೇಕು. ಅವಳನ್ನೇ ಕೇಳಬಹುದಿತ್ತು. ಆದರೆ ಅರವತ್ತು ಜನರ ಸಾರು ಕುದಿಸುತ್ತಿರುವವಳ ಮುಂದೆ ನಿಂತು, "ನಾನು ಬೋಳಿಸಿದ್ದು ನಿನ್ನ ತಲೆಯನ್ನೇ ಏನೇ?" ಎಂದು ಹೇಗೆ ಕೇಳುವುದು? ಅವಳದ್ದೇ ಆಗಿದ್ದರೆ ಮೊದಲು ಕೈಮುಗಿಯಬೇಕು, ಆಮೇಲೆ ಮಾತು. ಅದಾಗಿ ನಾಲ್ಕು ದಿನದಲ್ಲೇ ಶಾಲೆ ಬಿಟ್ಟು ಹೋದ ಮಗು. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ.

ಹೌದು ಅಥವಾ ಅಲ್ಲ ಎಂದು ಬರೆ. ಒಂದು ಕಾರ್ಡು ಸಾಕು.

ಭಾನುಮತಿ


ಕ್ಲಾಂಗ್
9 ಜೂನ್ 2024

ಪೂಜ್ಯ ಅಕ್ಕೋರಿಗೆ,

ಉತ್ತರ ತಡವಾಯಿತು, ಕ್ಷಮಿಸಿ. ಮೂರು ತಿಂಗಳಲ್ಲಿ ಕಾರ್ಖಾನೆಯನ್ನು ದೊಡ್ಡ ಜಾಗಕ್ಕೆ ಸಾಗಿಸಿದೆವು. ಹೋದ ತಿಂಗಳು ಕ್ವಾಲಾಲಂಪುರದಲ್ಲಿ ನನಗೊಂದು ಪ್ರಶಸ್ತಿ ಬಂತು. ವೇದಿಕೆಯ ಹಿಂದಿನ ಪರದೆಯ ಮೇಲೆ ನನ್ನ ಬಾಲ್ಯದ ಕಥೆ ತೋರಿಸಿದರು. ದೇವದಾಸ ಅತ್ತರು. ಅನನ್ಯ ಶಾಲೆಯಲ್ಲಿ ‘ಮೈ ಮದರ್ಸ್ ಹೇರ್’ ಎಂದು ಪ್ರಬಂಧ ಬರೆದಿದ್ದಾಳೆ. ಅದನ್ನು ಗೋಡೆಗೆ ಹಾಕಿದ್ದಾರಂತೆ.

ಅದು ನನ್ನ ತಲೆಯೇ ಅಕ್ಕೋರೆ. ಮೂವತ್ತು ವರ್ಷದ ಮಾತು, ನಿಮ್ಮ ಕೈಕೆಳಗೆ ಎಷ್ಟು ನೂರು ಹುಡುಗಿಯರು ಬಂದು ಹೋದರೋ. ಸರೋಜ, ನಾನು ನೋಡಲಿಕ್ಕೂ ಒಂದೇ ಥರ ಇದ್ದೆವು. ನಿಮ್ಮ ನೆನಪಿನಲ್ಲಿ ಇಬ್ಬರೂ ಬೆರೆತುಹೋಗಿರಬೇಕು. ವಯಸ್ಸಾದಾಗ ಇದೆಲ್ಲ ಸಹಜ. ನೀವು ಬೇಜಾರು ಮಾಡಿಕೊಳ್ಳಬೇಡಿ.

ಒಂದು ಡಬ್ಬಿ ಎಣ್ಣೆ ಕಳಿಸಿದ್ದೇನೆ. ನಿಮ್ಮ ಮಂಡಿಗೂ ಹಚ್ಚಬಹುದು.

ಮೋಹಿನಿ


ಯಲ್ಲಾಪುರ
2 ಜುಲೈ 2024

ಚಿ. ಮೋಹಿನಿ,

ಉತ್ತರ ಸಿಕ್ಕಿತು. ಹೌದು ಅಥವಾ ಅಲ್ಲ ಎಂದು ಕೇಳಿದ್ದೆ, ನೀನು ಹೇಳಿದೆ. ಇನ್ನು ಅದರ ಬಗ್ಗೆ ವಾದವಿಲ್ಲ. ತಲೆ ಯಾರದೋ ಅವರೇ ಹೇಳಿದ ಮೇಲೆ ನನ್ನದೇನು?

ಆದರೆ ಒಂದು ಸಂಗತಿ ನನ್ನನ್ನು ಬಿಡುತ್ತಿಲ್ಲ. ಅಷ್ಟು ಸ್ಪಷ್ಟವಾಗಿ ಕಂಡದ್ದೇ ತಪ್ಪಾದರೆ ಉಳಿದದ್ದರ ಗತಿಯೇನು? ಸಂಚಿಕೆಗೆ ಎಪ್ಪತ್ತು ಪುಟ ಬರೆದಿದ್ದೆ. ಈಗ ಒಂದೊಂದು ಸಾಲಿನ ಮೇಲೂ ಅನುಮಾನ. ಮಂಚಿಕೇರಿಯ ಹುಡುಗಿ ಎಂದು ಬರೆದವಳು ನಿಜವಾಗಿ ಮಂಚಿಕೇರಿಯವಳೋ? ಟೈಫಾಯ್ಡ್ ಬಂದದ್ದು ಅಕ್ಕನಿಗೋ ತಂಗಿಗೋ? ಹೋದ ವಾರ ಹಾಲಿನವನ ಹೆಸರು ಥಟ್ಟನೆ ಬಾಯಿಗೆ ಬರಲಿಲ್ಲ. ಮೊದಲಾಗಿದ್ದರೆ ನಕ್ಕು ಬಿಡುತ್ತಿದ್ದೆ.

ಹುಬ್ಬಳ್ಳಿಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಒಂದು ಗಡಿಯಾರ ಬಿಡಿಸಲು ಹೇಳಿದರು, ನೂರರಿಂದ ಏಳೇಳು ಕಳೆಯಲು ಹೇಳಿದರು. ಎಲ್ಲ ಸರಿಯಾಗಿ ಮಾಡಿದೆ. "ಚೆನ್ನಾಗಿದ್ದೀರಲ್ಲ ಟೀಚರ್, ಯಾಕೆ ಬಂದ್ರಿ?" ಎಂದು ಕಾಗದದ ಮೇಲೆ ಬರೆದು ಕೇಳಿದರು. ನಾನು ನಿನ್ನ ವಿಷಯ ಹೇಳಿದೆ. ಅವರು, ಹಾಗಾದರೆ ಆರು ತಿಂಗಳ ನಂತರ ಇನ್ನೊಮ್ಮೆ ಬನ್ನಿ ಎಂದು ಬರೆದರು.

ಸಂಚಿಕೆಯ ಕೆಲಸವನ್ನು ಕಾಲೇಜಿನ ಮಹಿತ್ ಮೇಷ್ಟ್ರಿಗೆ ಒಪ್ಪಿಸಿದ್ದೇನೆ. ಚುರುಕಿನ ಹುಡುಗ. ನಾನು ಬರೆದ ಎಪ್ಪತ್ತು ಪುಟ ಕೇಳಿದ. ಕೊಡಲಿಲ್ಲ. ತಪ್ಪು ಲೆಕ್ಕವನ್ನು ಇನ್ನೊಬ್ಬರ ಪಾಟಿಯ ಮೇಲೆ ಬರೆಸಬಾರದು. ಬಚ್ಚಲ ಒಲೆಗೆ ಹಾಕಿದೆ.

ನೀನು ಡಿಸೆಂಬರಿಗೆ ಬರಬೇಕು. ಎಲ್ಲರೂ ಕೇಳುತ್ತಿದ್ದಾರೆ.

ಭಾನುಮತಿ


ಕ್ಲಾಂಗ್
11 ಅಕ್ಟೋಬರ್ 2024

ಪೂಜ್ಯ ಅಕ್ಕೋರಿಗೆ,

ನಿಮ್ಮ ಪತ್ರಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದೆ. ಇದು ಐದನೆಯದು. ಚಿಕ್ಕದಾಗಿಯೇ ಬರೆಯುತ್ತೇನೆ.

ಬರೆದದ್ದನ್ನು ಒಲೆಗೆ ಯಾಕೆ ಹಾಕಿದಿರಿ? ಒಂದು ವಿಷಯ ಹೆಚ್ಚುಕಡಿಮೆಯಾದರೆ ಎಲ್ಲವೂ ತಪ್ಪೆಂದು ಅರ್ಥವಲ್ಲ. ಡಾಕ್ಟರೇ ಚೆನ್ನಾಗಿದ್ದೀರಿ ಎಂದಿದ್ದಾರೆ. ದಯವಿಟ್ಟು ಮತ್ತೆ ಬರೆಯಲು ಶುರುಮಾಡಿ.

ಡಿಸೆಂಬರಿಗೆ ನನಗೆ ಬರಲಾಗುವುದಿಲ್ಲ. ಅದೇ ವಾರ ಪೆನಾಂಗಿನಲ್ಲಿ ಹೊಸ ಸಲೂನ್ ತೆರೆಯುತ್ತಿದ್ದೇವೆ. ದೇವದಾಸ, "ನಿನ್ನನ್ನು ಓದಿಸಿದ ಜಾಗ, ಒಂದು ದಿನ ಹೋಗಿ ಬಾ, ನಾನು ನೋಡಿಕೊಳ್ಳುತ್ತೇನೆ ಲಾ" ಎಂದರು. ಆಗುವುದಿಲ್ಲ ಎಂದೆ. ಸಮಾರಂಭಕ್ಕೆ ಹುಡುಗಿಯರಿಗೆಲ್ಲ ಸಾಕಾಗುವಷ್ಟು ಎಣ್ಣೆ, ಬಾಚಣಿಗೆ ಕಳಿಸುತ್ತೇನೆ.

ಸರೋಜ ಹೇಗಿದ್ದಾಳೆ? ನನ್ನ ಬಗ್ಗೆ ಏನಾದರೂ ಕೇಳುತ್ತಾಳೆಯೇ?

ಮೋಹಿನಿ


ಯಲ್ಲಾಪುರ
30 ಡಿಸೆಂಬರ್ 2024

ಚಿ. ಮೋಹಿನಿ,

ಸಮಾರಂಭ ಚೆನ್ನಾಗಿ ಆಯಿತು. ನೀನು ಕಳಿಸಿದ ಪೆಟ್ಟಿಗೆಗಳೂ ತಲುಪಿದವು. ಪ್ರತಿ ಹುಡುಗಿಗೂ ಒಂದು ಸೀಸೆ, ಒಂದು ಬಾಚಣಿಗೆ. ಸೀಸೆಯ ಮೇಲೆ ಇಂಗ್ಲಿಷಿನಲ್ಲಿ ನಿನ್ನ ಕಥೆ ಅಚ್ಚಾಗಿತ್ತು. ಮಹಿತ್ ಮೇಷ್ಟ್ರು ಅದನ್ನು ಕನ್ನಡಕ್ಕೆ ಮಾಡಿ ಸಂಚಿಕೆಯಲ್ಲಿ ಮೊದಲ ಪುಟಕ್ಕೇ ಹಾಕಿದ್ದಾರೆ.

ನನಗೂ ಸನ್ಮಾನ ಇತ್ತು. ಶಾಲು ಹೊದೆಸುವ ಮೊದಲು ನಾನು ಎದ್ದು ಮೈಕಿನ ಮುಂದೆ ನಿಂತೆ. ಮೂವತ್ತು ವರ್ಷದ ಹಿಂದೆ ಈ ಅಂಗಳದಲ್ಲಿ ನಾನು ಮೋಹಿನಿ ಎಂಬ ಹುಡುಗಿಯ ತಲೆ ಬೋಳಿಸಿದೆ, ಅದು ನನ್ನ ಅಜ್ಞಾನ, ಅದಕ್ಕೆ ನಾನು ಎಲ್ಲರ ಎದುರು ಅವಳ ಕ್ಷಮೆ ಕೇಳುತ್ತೇನೆ ಎಂದೆ. ನನ್ನ ಧ್ವನಿ ನನಗೇ ಕೇಳುವುದಿಲ್ಲ, ಎಷ್ಟು ಜೋರಾಗಿ ಹೇಳಿದೆನೋ. ಜನ ಚಪ್ಪಾಳೆ ತಟ್ಟಿದ್ದು ಕಣ್ಣಿಗೆ ಕಂಡಿತು. ತಪ್ಪೊಪ್ಪಿಕೊಂಡವಳಿಗೆ ಯಾಕೆ ಚಪ್ಪಾಳೆಯೋ.

ಸರೋಜ ಪಾಯಸದ ಬಕೆಟ್ ಹಿಡಿದು ಹಿಂದಿನ ಬಾಗಿಲಲ್ಲಿ ನಿಂತಿದ್ದಳು. ನಾನು ಹೇಳಿ ಮುಗಿಸುವವರೆಗೆ ಅಲ್ಲಾಡದೆ ನಿಂತಿದ್ದು, ಆಮೇಲೆ ಒಳಗೆ ಹೋದಳು. ಬಡಿಸಲು ಬೇರೆ ಯಾರೋ ಬಂದರು. ನಿನ್ನನ್ನು ನೆನೆದು ಮನಸ್ಸು ತುಂಬಿ ಬಂದಿರಬೇಕು, ಪಾಪ. ಒಂದೇ ಹಾಸಿಗೆಯಲ್ಲಿ ಬೆಳೆದವರಲ್ಲವೆ? ನಿನ್ನ ಬಗ್ಗೆ ಕೇಳುತ್ತಾಳೆಯೇ ಎಂದು ನೀನು ಬರೆದಿದ್ದೆ. ಇಲ್ಲ, ಯಾವತ್ತೂ ಕೇಳಿದ್ದಿಲ್ಲ.

ಈಗ ಮನಸ್ಸು ಹಗುರಾಗಿದೆ. ಹೇಳಬೇಕಾದವರಿಗೆ ಹೇಳಿಯಾಯಿತು.

ಭಾನುಮತಿ


ಕ್ಲಾಂಗ್
21 ಜನವರಿ 2025

ಅಕ್ಕೋರೆ,

ಅದು ಸರೋಜಳ ತಲೆ.

ನೀವು ಮೊದಲ ಪತ್ರದಲ್ಲಿ ಬರೆದದ್ದು ಅಕ್ಷರಕ್ಷರವೂ ಸರಿ. ಶ್ರಾವಣ, ಹಲಸಿನ ಮರ, ಅವಳು ಅಳದೇ ಇದ್ದದ್ದು, ಹಿಡಿಸೂಡಿ ತಂದದ್ದು. ನಿಮ್ಮ ನೆನಪಿಗೆ ಏನೂ ಆಗಿಲ್ಲ. ಸುಳ್ಳು ಹೇಳಿದ್ದು ನಾನು. ನೀವು ಕೇಳಿದ ಮೊದಲ ದಿನವೇ ಹೇಳಬಹುದಿತ್ತು, ಒಂದು ಕಾರ್ಡು ಸಾಕು ಎಂದಿರಿ. ಆ ಕಾರ್ಡು ಬರೆಯಲು ನನಗೆ ಒಂದು ವರ್ಷ ಬೇಕಾಯಿತು. ಅಷ್ಟರಲ್ಲಿ ನೀವು ಎಪ್ಪತ್ತು ಪುಟ ಸುಟ್ಟಿರಿ.

ಪೂರ್ತಿ ಹೇಳುತ್ತೇನೆ. ಹೇನು ಇದ್ದದ್ದು ನನ್ನ ತಲೆಯಲ್ಲಿ. ಸರೋಜ ದಿನಾ ಸಂಜೆ ನನ್ನನ್ನು ಮುಂದೆ ಕೂರಿಸಿಕೊಂಡು ಹೇನು ಹೆಕ್ಕಿ, ಬೆರಳಿನಲ್ಲೇ ಗಂಟು ಬಿಡಿಸಿ, ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದಳು. ನಿಮಗೆ ನಾನು ಬರೆದು ಕಳಿಸಿದ ಬಗೆ ಅವಳದೇ. ಆ ಬೆಳಗ್ಗೆ ಪ್ರಾರ್ಥನೆಯಲ್ಲಿ ನಾನು ತಲೆ ಕೆರೆದುಕೊಂಡೆ. ನೀವು ಬಂದು, "ಯಾರ ತಲೆಯಿಂದ ಬಂತಿದು, ಖರೆ ಹೇಳಿ" ಎಂದಿರಿ. ನನಗೆ ನನ್ನ ಜಡೆಗಳ ಮೇಲೆ ಆಸೆ. "ಸರೋಜಂದು ಅಕ್ಕೋರೆ, ಅವಳಿಂದಲೇ ಎಲ್ಲರಿಗೂ" ಎಂದೆ. ಅವಳು ನನ್ನ ಮುಖ ನೋಡಿದಳು. ಅಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ಅವತ್ತು ಸಂಜೆಯೂ ಅವಳು ನನ್ನ ಜಡೆ ಹಾಕಿದಳು. ಬೋಳು ತಲೆಯಲ್ಲಿ ನನ್ನ ಹಿಂದೆ ಕೂತು. ನಾನು ತಲೆ ತಗ್ಗಿಸಿ ಕೊಟ್ಟೆ. ನಾಲ್ಕನೆಯ ದಿನ ಚಿಕ್ಕಪ್ಪ ಬಂದು ಕರೆದುಕೊಂಡು ಹೋದರು. ಹುಡುಗಿಯರು ನಗುತ್ತಾರೆ, ಇನ್ನು ಶಾಲೆ ಬೇಡ ಎಂದಳಂತೆ. ಆಮೇಲೆ ನನ್ನ ತಲೆಗೆ ಕೈ ಹಾಕುವವರು ಯಾರೂ ಇರಲಿಲ್ಲ. ನಾನೇ ಕಲಿತೆ.

ಎಂಟು ವರ್ಷದ ಹಿಂದೆ ಇಲ್ಲಿ ಒಂದು ಸ್ಪರ್ಧೆಯಲ್ಲಿ, "ಇದೇ ಕೆಲಸ ಯಾಕೆ ಆರಿಸಿಕೊಂಡೆ?" ಎಂದು ತೀರ್ಪುಗಾರರು ಕೇಳಿದರು. ನನ್ನ ಕಣ್ಣೆದುರು ಬಂದದ್ದು ಆ ಅಂಗಳ. ಅದನ್ನು ಹೇಳದೆ ನನಗೆ ಬೇರೆ ಉತ್ತರವಿರಲಿಲ್ಲ. ಆದರೆ ನಾನು ಬೆರಳು ತೋರಿಸಿದವಳು ಎಂದು ಹೇಳುವುದು ಹೇಗೆ? ಅವಳ ಜಾಗದಲ್ಲಿ ನಾನು ಕುಳಿತೆ. ಅವಳು ಅಳಲಿಲ್ಲ, ಕಥೆಯಲ್ಲಿ ನಾನು ಅತ್ತೆ. ಸಭೆಯೆಲ್ಲ ಎದ್ದು ನಿಂತಿತು. ಅಲ್ಲಿಂದಾಚೆಗೆ ಹಿಂದೆ ಬರುವ ದಾರಿ ಕಾಣಲಿಲ್ಲ. ಒಮ್ಮೊಮ್ಮೆ ನನಗೇ ತಲೆಯ ಮೇಲೆ ಆ ಕತ್ತರಿಯ ತಣ್ಣಗಿನ ಸ್ಪರ್ಶ ನೆನಪಾಗುತ್ತದೆ. ಅಷ್ಟು ಸಲ ಹೇಳಿದ್ದೇನೆ.

ಅಕ್ಕೋರೆ, ನೀವು ಅಷ್ಟು ಜನರ ಎದುರು ಕ್ಷಮೆ ಕೇಳಿದಿರಿ. ಅದು ಬಾಗಿಲಲ್ಲಿ ನಿಂತವಳಿಗೆ ಸಲ್ಲಬೇಕಿತ್ತು, ಅವಳನ್ನು ದಾಟಿ ನನಗೆ ಬಂತು. ಅವಳು ಮನಸ್ಸು ತುಂಬಿ ಒಳಗೆ ಹೋದದ್ದಲ್ಲ.

ಇನ್ನೂ ದೇವದಾಸನಿಗೆ ಹೇಳಿಲ್ಲ. ಅನನ್ಯಳಿಗೂ ಹೇಳಿಲ್ಲ. ಈ ವಾರವೂ ನಮ್ಮ ಪೆಟ್ಟಿಗೆಗಳು ಅದೇ ಕಥೆ ಹೊತ್ತು ಕ್ಲಾಂಗ್ ಬಂದರಿನಿಂದ ಹೊರಟವು. ಸರೋಜಳಿಗೆ ನಾನೇ ಬಂದು ಹೇಳುತ್ತೇನೆ, ಏಪ್ರಿಲಿನಲ್ಲಿ ಬರುತ್ತೇನೆ. ಅಲ್ಲಿಯವರೆಗೆ ನೀವು ಏನೂ ಕೇಳಬೇಡಿ. ನಿಮ್ಮ ನೆನಪನ್ನು ಮಾತ್ರ ನೀವು ನಂಬಿ. ನನ್ನ ಮೇಲೆ ಸಿಟ್ಟು ಮಾಡಿ, ಬೈದು ಬರೆಯಿರಿ. ಬೈಗುಳಕ್ಕಾಗಿ ಕಾಯುತ್ತೇನೆ.

ಮೋಹಿನಿ


ಯಲ್ಲಾಪುರ
3 ಮಾರ್ಚ್ 2025

ಚಿ. ಸೌ. ಮೋಹಿನಿಗೆ ಆಶೀರ್ವಾದಗಳು.

ನಿನ್ನ ಪತ್ರ ಬಂದು ಎರಡು ವಾರವಾಯಿತು. ಮೊದಲ ಸಲ ಓದಿದಾಗ ಎದ್ದು ಮನೆಯೆಲ್ಲ ಓಡಾಡಿದೆ. ನಾನು ಸರಿಯಿದ್ದೇನೆ, ನನಗೇನೂ ಆಗಿಲ್ಲ ಎಂದು ಒಂದು ದಿನ ಪೂರ್ತಿ ಖುಷಿಯಲ್ಲಿದ್ದೆ. ಮರುದಿನ ಇನ್ನೊಮ್ಮೆ ಓದಿದೆ. ಆಗ ಅನುಮಾನ ಬಂತು.

ಶ್ರಾವಣ, ಹಲಸಿನ ಮರ, ಅಳದೇ ಇದ್ದದ್ದು, ಹಿಡಿಸೂಡಿ. ಇದೆಲ್ಲ ನಾನೇ ನಿನಗೆ ಬರೆದು ಕಳಿಸಿದ್ದು. ಅದನ್ನೇ ತಿರುಗಿ ನನಗೆ ಕಳಿಸಿದ್ದೀಯೆ. ಹೋದ ಜೂನಿನಲ್ಲಿ ಅದು ನನ್ನ ತಲೆಯೇ ಎಂದು ಬರೆದವಳು, ನಾನು ಪುಟಗಳನ್ನು ಸುಟ್ಟೆ, ಡಾಕ್ಟರ ಹತ್ತಿರ ಹೋದೆ ಎಂದು ತಿಳಿದ ಮೇಲೆ ಇದನ್ನು ಬರೆಯುತ್ತಿದ್ದೀಯೆ. ಈ ಮುದುಕಿ ನೊಂದಳಲ್ಲ, ನನ್ನ ಹೆಸರು ಕೆಟ್ಟರೂ ಅಡ್ಡಿಯಿಲ್ಲ, ಅವಳಿಗೆ ಸಮಾಧಾನವಾಗಲಿ ಎಂದು.

ಕೇಳಬೇಡಿ ಎಂದು ನೀನು ಬರೆದಿದ್ದೆ. ಆದರೂ ನಿನ್ನೆ ಹೋಗಿ ಸರೋಜಳನ್ನು ಕೇಳಿದೆ. ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ನಿನ್ನ ಪತ್ರವನ್ನು ಓದಿ ಹೇಳಿದೆ, ಎಲ್ಲವನ್ನೂ. ಅವಳು ಅಕ್ಕಿಯಿಂದ ಕೈ ತೆಗೆಯಲಿಲ್ಲ. ಏನೋ ಹೇಳಿದಳು, ನನಗೆ ಕೇಳಲಿಲ್ಲ. ನನ್ನ ನೋಟ್‌ಬುಕ್ ಮುಂದಿಟ್ಟು ಬರೆಯೇ ಎಂದೆ. ಐದನೆಯ ಇಯತ್ತೆಗೆ ನಿಂತ ಅಕ್ಷರ, ಬರೆಯಲು ಬಹಳ ಹೊತ್ತು ಮಾಡಿದಳು. ‘ಅದು ಮೋಹಿನಿ ತಲೆ. ಅವಳೇ ಇಟ್ಟುಕೊಳ್ಳಲಿ.’ ಅಷ್ಟೇ. ಆಮೇಲೆ ಅಕ್ಕಿಯ ಮೊರ ಎತ್ತಿಕೊಂಡು ಹೊರಗೆ ಹೋದಳು.

ನೋಡು, ಅವಳಿಗೆ ನಿನ್ನ ಮೇಲೆ ಎಷ್ಟು ಅಭಿಮಾನ. ನಿನ್ನ ಕಥೆ ನಿನ್ನದಾಗಿಯೇ ಇರಲಿ ಎನ್ನುತ್ತಾಳೆ. ಅವಳು ಏಳುವ ಮೊದಲು, ಏಪ್ರಿಲಿನಲ್ಲಿ ನೀನು ಬರುತ್ತೀ ಎಂದೂ ಹೇಳಿದ್ದೆ. ಆ ತಿಂಗಳು ತಾನು ಮಗಳ ಮನೆಗೆ ಹಳಿಯಾಳಕ್ಕೆ ಹೋಗುವವಳು ಎಂದು ಬರೆದು ತೋರಿಸಿದಳು. ನೀನು ಬೇರೆ ತಿಂಗಳು ನೋಡಿಕೋ.

ಇಬ್ಬರ ಮಾತೂ ಬೇರೆಯಾದರೆ ನಾನು ಯಾರನ್ನು ನಂಬಲಿ? ನನ್ನ ನೆನಪನ್ನು ನಂಬಿ ಎನ್ನುತ್ತೀಯೆ. ಅದನ್ನೇ ಹೇಳಬೇಕು. ಈ ಒಂದು ವರ್ಷದಲ್ಲಿ ದಿನಾ ಆ ಅಂಗಳವನ್ನು ನೆನಪು ಮಾಡಿಕೊಂಡು, ಸರೋಜ ಅಲ್ಲ, ಮೋಹಿನಿ, ಮೋಹಿನಿ ಎಂದು ನನಗೆ ನಾನೇ ಪಾಠ ಹೇಳಿಕೊಂಡಿದ್ದೇನೆ. ಪಾಠ ಈಗ ಬಾಯಿಗೆ ಬಂದಿದೆ. ಕಣ್ಣು ಮುಚ್ಚಿದರೆ ಹಲಸಿನ ಮರದ ಕೆಳಗೆ ನೀನೇ ಕುಳಿತಿರುತ್ತೀ, ಅಳುತ್ತಿರುತ್ತೀ. ಗುಡಿಸುವ ಸದ್ದೂ ಈಗ ಕೇಳುವುದಿಲ್ಲ. ಸರೋಜ ಆ ಅಂಗಳದಲ್ಲಿ ಎಲ್ಲೂ ಇಲ್ಲ.

ಸುಳ್ಳು ಹೇಳಲು ನಿನಗೆ ಬರುವುದಿಲ್ಲ, ಮೋಹಿನಿ. ನನ್ನ ಸಮಾಧಾನಕ್ಕೆಂದು ಆ ಪಾಪದವಳನ್ನು ಎಳೆದು ತಂದು ಅಲ್ಲಿ ಕೂರಿಸಬೇಡ.

ಭಾನುಮತಿ